ಹೆಜ್ಜೆ ಇತ್ತು, ಅದನ್ನೇ ಬರೆಯಿರಿ

ಪ್ರಿಯರೇ,

ನಿಮ್ಮ ‘ಹೆಜ್ಜೆಯಿಲ್ಲದವನು’ ಲೇಖನವನ್ನು ಎರಡು ಸಲ ಓದಿದೆ. ಆಲ್ಬರ್ಟ್ ಜಾನ್ಸನ್ ಅಂತ ಹೆಸರು ಹೇಳಿಕೊಂಡು, ಪೊಲೀಸನೊಬ್ಬನಿಗೆ ಗುಂಡು ಹೊಡೆದ ಒಬ್ಬನನ್ನು 1931–32ರ ಚಳಿಗಾಲದಲ್ಲಿ ಕೆನಡಾದ ಉತ್ತರದ ತುದಿಯಲ್ಲಿ ಪೊಲೀಸರು 48 ದಿನ ಬೆನ್ನಟ್ಟಿದ ಪ್ರಸಂಗ ಅದು. ವಿಷಯ ಚೆನ್ನಾಗಿದೆ, ತಾರೀಖುಗಳು ಸರಿಯಾಗಿವೆ, ಓದಿಸಿಕೊಂಡು ಹೋಗುತ್ತದೆ. ಆದರೆ ಈಗಿರುವ ಹಾಗೆ ಅಚ್ಚು ಹಾಕಲಾರೆ. ಎರಡು ಕಡೆ ನನಗೆ ನಿಜವಾಗಿ ಸಿಟ್ಟು ಬಂತು. ಆ ಎರಡರ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು ಮೂರನೇ ಪುಟದ ಈ ಸಾಲು: ‘ಮಂಜಿನಲ್ಲಿ ಅವನು ಗಾಳಿಯಂತೆ ಓಡಿದ, ಒಂದು ಹೆಜ್ಜೆಯೂ ಉಳಿಯದಂತೆ ಮಂಜು ಎಲ್ಲವನ್ನೂ ನುಂಗಿತು.’ ಶೀರ್ಷಿಕೆಯನ್ನೂ ಇಲ್ಲಿಂದಲೇ ಎತ್ತಿದ್ದೀರಿ.

‘ಮಂಜು’ ಅಂದರೆ ನಮ್ಮ ಓದುಗನಿಗೆ ಆಗುಂಬೆಯ ರಸ್ತೆಗೆ ಬೆಳಗ್ಗೆ ಕವಿಯುವ ಮಂಜು. ನಿಮ್ಮ ಸಾಲಿನಲ್ಲಿ ಮೊದಲನೆಯ ಮಂಜು ನೆಲದ ಮೇಲಿದೆ, ಎರಡನೆಯದು ಗಾಳಿಯಲ್ಲೋ ನೆಲದಲ್ಲೋ ಗೊತ್ತಾಗುವುದಿಲ್ಲ. ಬಿದ್ದದ್ದು ಹಿಮ, ನದಿಯ ಮೇಲೆ ಕಟ್ಟಿದ್ದು ಮಂಜುಗಡ್ಡೆ, ಕಣ್ಣು ಕಟ್ಟುವುದು ಮಂಜು. ಈ ಮೂರನ್ನು ಕೊನೆಯವರೆಗೂ ಬೆರೆಸಬೇಡಿ. ನದಿಯ ನಡುವೆ ಗಾಳಿ ಬಡಿದು ಗಟ್ಟಿಯಾದ ಹಿಮದ ಮೇಲೆ ಕಾಲು ನಿಲ್ಲುತ್ತದೆ. ಅದೇ ದಡದ ಪೊದೆಗಳ ನಡುವಿನ ಸಡಿಲ ಹಿಮದಲ್ಲಿ ತೊಡೆಯವರೆಗೆ ಹೂತುಹೋಗುತ್ತದೆ. ಅವನು ಎಲ್ಲಿ ನಡೆದ, ಯಾಕೆ ಅಲ್ಲೇ ನಡೆದ ಅನ್ನುವುದಕ್ಕೆ ಈ ವ್ಯತ್ಯಾಸವೇ ಕಾರಣ.

‘ಓಡಿದ.’ ಮೈನಸ್ 40ರಲ್ಲಿ ಯಾರೂ ಓಡುವುದಿಲ್ಲ. (ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಅಂತ ಕೊಟ್ಟಿರುವ ಅಡಿಟಿಪ್ಪಣಿ ತೆಗೆಯಿರಿ, ಮೈನಸ್ 40ರಲ್ಲಿ ಎರಡೂ ಒಂದೇ.) ಓಡಿದರೆ ಬೆವರುತ್ತದೆ, ಒಳಬಟ್ಟೆ ಒದ್ದೆಯಾಗುತ್ತದೆ, ನಿಂತ ಕೂಡಲೇ ಆ ಒದ್ದೆ ಮೈಯ ಶಾಖವನ್ನು ಹೀರತೊಡಗುತ್ತದೆ. ಬೆಂಕಿ ಹಾಕಿ ಒಣಗಿಸಿಕೊಳ್ಳಲು ಆಗದವನಿಗೆ ಅದೇ ಸಾವು. ಅವನ ಕಾಲಲ್ಲಿ ಹಿಮದಲ್ಲಿ ಹೂತುಹೋಗದಂತೆ ಕಟ್ಟಿಕೊಳ್ಳುವ ಅಗಲದ ಹಿಮಪಾದುಕೆ, ಮೈಮೇಲೆ ಹೊರೆ, ಜೊತೆಗೆ ಒಂದು ಸ್ಯಾವೇಜ್ ರೈಫಲ್, ಕೊಯ್ದು ಗಿಡ್ಡ ಮಾಡಿದ ಒಂದು ಶಾಟ್‌ಗನ್, ಹಿಡಿ ಕೊಯ್ದ ಒಂದು .22 ರೈಫಲ್. ಆ ಭಾರ ನಿಮ್ಮ ಕ್ರಿಯಾಪದದಲ್ಲಿ ಎಲ್ಲಿದೆ? ಅಂಥ ಚಳಿಯಲ್ಲಿ ಕಾಲಡಿಯ ಹಿಮ ಕಿರುಗುಟ್ಟುತ್ತದೆ, ಸಣ್ಣ ಸದ್ದೂ ಬಹಳ ದೂರ ಹೋಗುತ್ತದೆ. ಆದ್ದರಿಂದ ಮುಂದಿನ ಸಾಲಿನ ‘ಸದ್ದಿಲ್ಲದೆ’ ಕೂಡ ಹೋಗಬೇಕು.

‘ಉಳಿಯದಂತೆ.’ ಹೆಚ್ಚು ಕೋಪ ಬಂದದ್ದು ಇದಕ್ಕೆ. ಹೆಜ್ಜೆ ಉಳಿಯಿತು. ಪೊಲೀಸರ ಕೈಯಲ್ಲಿ ಅವನದು ಅಂತ ಇದ್ದದ್ದೇ ಅದು. ರಿಚರ್ಡ್‌ಸನ್ ಪರ್ವತಗಳನ್ನು ಬಿರುಗಾಳಿಯಲ್ಲಿ ಒಬ್ಬನೇ ದಾಟಿ ಯೂಕಾನ್ ಕಡೆ ಇಳಿದ ಮೇಲೆ ಅವನು ಈಗಲ್ ನದಿಯಲ್ಲಿ ಹೆಜ್ಜೆ ಅಡಗಿಸಿದ್ದು ಹೇಗೆ ಅಂತ ನೀವು ಅರ್ಧ ವಾಕ್ಯದಲ್ಲಿ ಮುಗಿಸಿದ್ದೀರಿ. ಕ್ಯಾರಿಬೂ ಜಿಂಕೆಗಳ ಹಿಂಡು ನದಿಯುದ್ದಕ್ಕೂ ತುಳಿದುಕೊಂಡು ಹೋಗಿತ್ತು. ಗೊರಸು ತುಳಿದು ಗಟ್ಟಿಯಾದ ದಾರಿಯಲ್ಲಿ ಹಿಮಪಾದುಕೆ ಬೇಡ. ಅವನು ಅದನ್ನು ಬಿಚ್ಚಿ ಗೊರಸಿನ ಗುರುತುಗಳ ನಡುವೆಯೇ ಕಾಲಿಟ್ಟು ನಡೆದ. ಆದರೆ ರಾತ್ರಿ ಮಲಗಲು ದಡ ಹತ್ತಲೇಬೇಕು, ಅಲ್ಲಿ ಜಿಂಕೆಯ ದಾರಿ ಇಲ್ಲ. ಫೆಬ್ರವರಿ ನಡುವಿನಲ್ಲಿ ವಿಮಾನದಿಂದ ಪೈಲಟ್ ವಾಪ್ ಮೇ ಗುರುತಿಸಿದ್ದು ಇದನ್ನೇ: ಹಿಂಡಿನ ದಾರಿಯಿಂದ ಕವಲೊಡೆದು ದಡದ ಕಡೆ ಹೋದ ಒಂಟಿ ಮನುಷ್ಯನ ಹೆಜ್ಜೆ. ನಿಮ್ಮ ಲೇಖನದ ಎದೆಯೇ ಇದು. ಇದಕ್ಕೆ ಮೂರು ಪುಟ ಕೊಡಿ.

ಇದೇ ಜಾತಿಯ ಇನ್ನೊಂದು ಸಾಲು: ‘ಪೊಲೀಸರು ಹೆದರಿ ಅಕ್ಲಾವಿಕ್‌ಗೆ ಮರಳಿದರು.’ (ಇದು ಪರ್ವತ ದಾಟುವ ಮೊದಲಿನ ಮಾತು, ಅಕ್ಲಾವಿಕ್ ಪೊಲೀಸರ ನೆಲೆ.) ಹೆದರಿದ್ದಲ್ಲ, ಲೆಕ್ಕ ಹಾಕಿದ್ದು. ಜನವರಿ 9ರಂದು ಇನ್‌ಸ್ಪೆಕ್ಟರ್ ಈಮ್ಸ್ ಜೊತೆ ರ್‍ಯಾಟ್ ನದಿಯ ಬಳಿ ಅವನಿದ್ದ ಗುಡಿಸಲಿಗೆ ಹೋದ ತಂಡದಲ್ಲಿ 9 ಜನ, 42 ನಾಯಿ, 20 ಪೌಂಡ್ ಡೈನಮೈಟ್. ಜಾರುಬಂಡಿ ಎಳೆಯುವ ನಾಯಿಗೆ ದಿನಕ್ಕೆ ಕಿಲೋ ಆಸುಪಾಸು ಒಣಮೀನು ಬೇಕು. ಹಾಗಾದರೆ ದಿನಕ್ಕೆ 40 ಕಿಲೋ ಮೀನು, ಅದನ್ನೂ ಅದೇ ನಾಯಿಗಳೇ ಎಳೆಯಬೇಕು. ಮುತ್ತಿಗೆ 15 ಗಂಟೆ ನಡೆಯಿತು. ಡೈನಮೈಟ್‌ಗೆ ಸೂರು ಹಾರಿದರೂ ಅವನು ನೆಲ ಅಗೆದು ಮಾಡಿಕೊಂಡ ಗುಂಡಿಯಿಂದ ಗುಂಡು ಹಾರಿಸುತ್ತಲೇ ಇದ್ದ. ಅಷ್ಟು ಹೊತ್ತಿಗೆ ನಾಯಿಗಳ ಆಹಾರ ಮುಗಿಯುತ್ತ ಬಂದಿತ್ತು, ಅಕ್ಲಾವಿಕ್ 80 ಮೈಲಿ ದೂರವಿತ್ತು. ಈ ಲೆಕ್ಕ ಕೊಟ್ಟರೆ ‘ಹೆದರಿ’ ಬೇಕಾಗುವುದಿಲ್ಲ. ‘ವಿಮಾನ ಬಂದದ್ದೇ ತಡ, ಬೇಟೆ ಮುಗಿಯಿತು’ ಅನ್ನುವ ಸಾಲಿನ ತಪ್ಪೂ ಆಗ ನಿಮಗೇ ಕಾಣುತ್ತದೆ. ವಿಮಾನದ ದೊಡ್ಡ ಉಪಕಾರ ನೋಡುವುದಲ್ಲ, ಹೊರುವುದು. ತಂಡಕ್ಕೆ ಸಾಮಾನು ಆಕಾಶದಿಂದ ಬರತೊಡಗಿದ ಮೇಲೆ ನಾಯಿಗಳು ಹಿಂದೆ ಮುಂದೆ ಅಲೆಯುವುದು ತಪ್ಪಿತು. ಆ ಚಳಿಯಲ್ಲಿ ವಿಮಾನ ಏಳುವುದೂ ಸುಲಭವಲ್ಲ. ರಾತ್ರಿ ಎಂಜಿನ್ ಎಣ್ಣೆ ಬಸಿದಿಟ್ಟು, ಬೆಳಗ್ಗೆ ಎಂಜಿನ್‌ಗೆ ಕ್ಯಾನ್ವಾಸ್ ಹೊದಿಸಿ ಅಡಿಯಲ್ಲಿ ಬ್ಲೋಟಾರ್ಚ್ ಹಿಡಿದು, ಎಣ್ಣೆಯನ್ನು ಬಿಸಿ ಮಾಡಿ ಸುರಿಯಬೇಕು. ಗಾಳಿ ಎದ್ದರೆ ಅದೂ ವ್ಯರ್ಥ, ನೆಲದ ಗುರುತು ಮುಚ್ಚಿಹೋಗಿರುತ್ತದೆ.

ನಾನು ಈ ಕೆಲಸ ಕಲಿಯುವಾಗ ಹಿರಿಯರೊಬ್ಬರು ಕ್ರಿಯಾಪದಗಳಿಗೆಲ್ಲ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಮೂರು ಪ್ರಶ್ನೆ ಬರೆಯುತ್ತಿದ್ದರು: ಎಷ್ಟು ದೂರ, ಎಷ್ಟು ತೂಕ, ಎಷ್ಟು ಹೊತ್ತು. ಉತ್ತರ ಇಲ್ಲದ ಕ್ರಿಯಾಪದ ಹೊಡೆದುಹಾಕಬೇಕಿತ್ತು. ಅಂಚಿನಲ್ಲಿ ನಾನೂ ಹಾಗೇ ಮಾಡಿದ್ದೇನೆ, ಬೇಸರಪಡಬೇಡಿ.

ಎರಡನೆಯದು ಆರನೇ ಪುಟದ ಸ್ವಗತ. ‘ನಾನು ಯಾರು? ಈ ಬಿಳುಪೇ ನನ್ನ ತಾಯಿ...’ ಅಂತ ಒಂದೂವರೆ ಪುಟ. ಪೂರ್ತಿ ತೆಗೆಯಿರಿ. ಇವನು ಬಾಯಿ ಬಿಡದವನು. ಬೇರೆ ಬೇಟೆಗಾರರ ಬೋನುಗಳನ್ನು ಕೆಡಿಸುತ್ತಾನೆ ಅನ್ನುವ ದೂರಿನ ಮೇಲೆ ಕಾನ್‌ಸ್ಟೆಬಲ್ ಕಿಂಗ್ ಡಿಸೆಂಬರ್ ಕೊನೆಯ ವಾರದಲ್ಲಿ 8 ಅಡಿಗೆ 10 ಅಡಿಯ ಆ ಗುಡಿಸಲಿನ ಬಾಗಿಲು ತಟ್ಟಿದಾಗಲೂ ಮಾತಾಡಲಿಲ್ಲ. 31ರಂದು ವಾರಂಟ್ ತಂದಾಗ ಬಾಗಿಲಿನ ಮೂಲಕವೇ ಗುಂಡು ಹೊಡೆದ. 1931ರ ಜುಲೈನಲ್ಲಿ ಫೋರ್ಟ್ ಮ್ಯಾಕ್‌ಫರ್ಸನ್‌ನಲ್ಲಿ ಅವನನ್ನು ಎದುರು ನಿಲ್ಲಿಸಿ ಪ್ರಶ್ನೆ ಕೇಳಿ ಉತ್ತರ ಪಡೆದಿದ್ದ ಪೊಲೀಸ್ ಎಡ್ಗರ್ ಮಿಲೆನ್. ಜನವರಿ 30ರಂದು ಅವನ ಗುಂಡಿಗೆ ಸತ್ತವನೂ ಮಿಲೆನ್ನೇ. ನಿಮ್ಮಲ್ಲಿ ಮಿಲೆನ್ ಮುಕ್ಕಾಲು ವಾಕ್ಯದಲ್ಲಿ ಸಾಯುತ್ತಾನೆ, ಕಲ್ಪಿಸಿದ ಸ್ವಗತಕ್ಕೆ ಒಂದೂವರೆ ಪುಟ. ಇದು ನನಗೆ ಸಹಿಸಲಾಗಲಿಲ್ಲ.

ಆ ಜಾಗದಲ್ಲಿ ಫೆಬ್ರವರಿ 17ರಂದು ಗುಂಡು ತಗುಲಿ ಸತ್ತ ಮೇಲೆ ಅವನ ಬಳಿ ಸಿಕ್ಕಿದ್ದನ್ನು ಇಡಿ. 2,000 ಡಾಲರ್‌ಗೂ ಹೆಚ್ಚು ನಗದು. ಹಲ್ಲಿಗೆ ಕಟ್ಟಿಸುವ ಚಿನ್ನದ ಚೂರುಗಳು. ದಿಕ್ಸೂಚಿ, ಕ್ಷೌರದ ಕತ್ತಿ, ಮೀನಿನ ಗಾಳ, ಮೊಳೆ. ಒಂದು ಸತ್ತ ಅಳಿಲು, ಒಂದು ಸತ್ತ ಹಕ್ಕಿ. ಗುಂಡು ಹಾರಿಸಿದರೆ ಸದ್ದಿಗೆ ಸಿಕ್ಕಿಬೀಳುತ್ತಾನೆ. ಜಿಂಕೆಗಳ ಹಿಂಡಿನ ದಾರಿಯಲ್ಲೇ ನಡೆಯುತ್ತಿದ್ದವನ ಊಟ ಅಳಿಲು. ಇದನ್ನು ವಿವರಿಸಬೇಡಿ, ಅಳಿಲನ್ನು ಸುಮ್ಮನೆ ಪುಟದ ಮೇಲಿಡಿ. ಅವನು ನಿಜಕ್ಕೂ ಯಾರು ಅಂತ ತಿಳಿಯಲು 2007ರಲ್ಲಿ ಅಕ್ಲಾವಿಕ್‌ನಲ್ಲಿ ಗೋರಿ ತೆಗೆದು ಡಿಎನ್‌ಎ ಮಾದರಿ ಪಡೆದದ್ದಕ್ಕೆ ಒಂದು ಸಾಲು ಸಾಕು.

ಇಡೀ ಲೇಖನ ಈಗಲೇ ತಿದ್ದಬೇಡಿ. ಈಗಲ್ ನದಿಯ ಭಾಗ ಮಾತ್ರ, ಹಿಮಪಾದುಕೆ ಬಿಚ್ಚುವಲ್ಲಿಂದ ದಡ ಹತ್ತುವವರೆಗೆ, ಮೂರು ಪುಟ ಬರೆದು ಮುಂದಿನ ತಿಂಗಳೊಳಗೆ ಕಳಿಸಿ. ಶೀರ್ಷಿಕೆ ಖಾಲಿ ಬಿಡಿ.

ಸಂಪಾದಕ