ಆಕಾಶದ ಅಂಚೆ: ನೂರು ಚಿತ್ರ ಪೇರಿಸಿದರೂ ಕಪ್ಪು ಪರದೆ!

ಪ್ರಶ್ನೆ: ಕಾರವಾರದ ಕಡಲತೀರದಲ್ಲಿ ಟ್ರೈಪಾಡ್ ಇಟ್ಟು ಮಹಾವ್ಯಾಧ ನೀಹಾರಿಕೆಯ 100 ಚಿತ್ರ ತೆಗೆದು, ಡೀಪ್‌ಸ್ಕೈಸ್ಟ್ಯಾಕರ್‌ ತಂತ್ರಾಂಶದಲ್ಲಿ ಒಂದರ ಮೇಲೊಂದು ಪೇರಿಸಿದೆ. ಸಿಕ್ಕಿದ್ದು ಬರೀ ಕಪ್ಪು ಪರದೆ. ಬಿಡಿ ಚಿತ್ರಗಳೇ ಇದಕ್ಕಿಂತ ವಾಸಿ. ಎಲ್ಲಿ ತಪ್ಪಿದೆ?
– ಓದುಗರು, ಕೋಡಿಬಾಗ

ಉತ್ತರ: ಎಲ್ಲೂ ತಪ್ಪಿಲ್ಲ. ಸಿಟ್ಟಿನಲ್ಲಿ ಆ ಕಡತವನ್ನು ಅಳಿಸಿಲ್ಲ ತಾನೇ? ಕ್ಯಾಮೆರಾದ ಹಿಂಬದಿಯಲ್ಲಿ ನೀವು ಕಂಡದ್ದು, ಕಣ್ಣಿಗೆ ಹಿತವಾಗಲೆಂದು ಕ್ಯಾಮೆರಾ ತಾನೇ ಬೆಳಗಿಸಿಕೊಟ್ಟ ಚಿತ್ರ. ಪೇರಿಸಿದ ಕಡತಕ್ಕೆ ಅಂಥ ದಾಕ್ಷಿಣ್ಯವಿಲ್ಲ. ಕ್ಯಾಮೆರಾದ ಸಂವೇದಕದ (ಸೆನ್ಸರ್) ಮೇಲೆ ಬೆಳಕು ಬಿದ್ದಷ್ಟೇ ಅಂಕಿ. 14 ಬಿಟ್ ಕ್ಯಾಮೆರಾದಲ್ಲಿ ಕಪ್ಪಿನಿಂದ ಬಿಳುಪಿಗೆ 16,384 ಮೆಟ್ಟಿಲುಗಳಿರುತ್ತವೆ. ನೀಹಾರಿಕೆಯ ತೆಳು ರೆಕ್ಕೆಗಳು ಕೆಳಗಿನ ಕೆಲವೇ ಮೆಟ್ಟಿಲುಗಳಲ್ಲಿ ಮುದುಡಿ ಕುಳಿತಿರುತ್ತವೆ. ಅವನ್ನು ಮೇಲೆತ್ತುವ ಕೆಲಸಕ್ಕೇ ಹಿಗ್ಗಿಸುವುದು, ಅಂದರೆ ಸ್ಟ್ರೆಚ್, ಎನ್ನುತ್ತಾರೆ. ಉಚಿತವಾಗಿ ಸಿಗುವ ಸಿರಿಲ್ ತಂತ್ರಾಂಶದಲ್ಲಿ ಕಡತ ತೆರೆದು ನೋಟವನ್ನು ಆಟೊಸ್ಟ್ರೆಚ್‌ಗೆ ಬದಲಿಸಿ. ಕಡತ ಬದಲಾಗುವುದಿಲ್ಲ, ಆದರೆ ಒಳಗೆ ಏನಿದೆ ಎಂಬುದು ಕಾಣುತ್ತದೆ. ನೂರು ಚಿತ್ರ ಪೇರಿಸಿದ್ದರಿಂದ ಗದ್ದಲಕ್ಕೆ, ಅಂದರೆ ಚಿತ್ರದ ಕಾಳುಕಾಳು ಚುಕ್ಕೆಗಳಿಗೆ, ಹೋಲಿಸಿದರೆ ಸಂಕೇತ, ಅಂದರೆ ನೀಹಾರಿಕೆಯ ಬೆಳಕು, ಹತ್ತು ಪಟ್ಟು ಬಲಗೊಂಡಿರುತ್ತದೆ. ನೂರರ ವರ್ಗಮೂಲ ಹತ್ತು, ಲೆಕ್ಕ ಅಷ್ಟೇ.

ಆದರೆ ಆ ನೋಟದಲ್ಲಿ ನೀಹಾರಿಕೆಗಿಂತ ಮೊದಲು ಕಣ್ಣಿಗೆ ಹೊಡೆಯುವುದು ನಮ್ಮ ಊರು! ಕಾರವಾರದಲ್ಲಿ ಪಶ್ಚಿಮಕ್ಕೆ ಮೀನುಗಾರಿಕಾ ದೋಣಿಗಳ ದೀಪ, ಪೂರ್ವಕ್ಕೆ ಹೆದ್ದಾರಿ ಮತ್ತು ಪೇಟೆ. ಚಿತ್ರದ ಒಂದು ಅಂಚು ಕಿತ್ತಳೆ, ಇನ್ನೊಂದು ನೀಲಿ ಛಾಯೆಗೆ ತಿರುಗಿದ್ದರೆ ಅಚ್ಚರಿಯಿಲ್ಲ. ಹಿಗ್ಗಿಸುವ ಮೊದಲೇ ಇದನ್ನು ತೆಗೆಯಬೇಕು. ಹಿಗ್ಗಿಸಿದ ಮೇಲೆ ಊರಿನ ಬೆಳಕೂ ಹಿಗ್ಗಿ ಕೂತು, ಬಿಡಿಸಲಾರದಷ್ಟು ಬೆರೆತುಹೋಗುತ್ತದೆ. ಆದ್ದರಿಂದ ಮೊದಲು ಅಂಚು ಕತ್ತರಿಸಿ, ಆಮೇಲೆ ಹಿನ್ನೆಲೆ ಬೆಳಕು ಕಳೆಯಿರಿ, ಬಣ್ಣ ಸರಿಪಡಿಸಿ, ಕೊನೆಗೆ ಹಿಗ್ಗಿಸಿ. ಹಿನ್ನೆಲೆ ಕಳೆಯುವಾಗ ಸಿರಿಲ್ ಚಿತ್ರದ ತುಂಬ ಪುಟ್ಟ ಚೌಕಗಳನ್ನು ಹರಡುತ್ತದೆ. ನೀಹಾರಿಕೆಯ ಮೇಲೆ ಬಿದ್ದ ಚೌಕಗಳನ್ನು ಒಂದೊಂದಾಗಿ ಕೈಯಾರೆ ತೆಗೆಯಿರಿ. ಬಿಟ್ಟರೆ ತಂತ್ರಾಂಶ ನೀಹಾರಿಕೆಯನ್ನೂ ಬೀದಿದೀಪವೆಂದು ತಿಳಿದು ಒರೆಸಿಹಾಕುತ್ತದೆ.

ಮುಂದಿನ ಸಲ, ಸಂವೇದಕದ ಸ್ವಂತ ಗದ್ದಲ ಕಳೆಯಲು, ಲೆನ್ಸಿಗೆ ಮುಚ್ಚಳ ಹಾಕಿ ಅಷ್ಟೇ ಅವಧಿ, ಅದೇ ಐಎಸ್‌ಒದಲ್ಲಿ ಇಪ್ಪತ್ತು ಮೂವತ್ತು ಕತ್ತಲ ಚಿತ್ರಗಳನ್ನೂ ತೆಗೆಯಿರಿ. ಅದನ್ನು ತೀರದಲ್ಲೇ ಮಾಡಿ. ಸಂವೇದಕದ ಉಷ್ಣತೆ ಒಂದೇ ಇರಬೇಕು, ಮನೆಯ ಫ್ಯಾನಿನಡಿ ತೆಗೆದದ್ದು ಪ್ರಯೋಜನವಿಲ್ಲ. ಲೆನ್ಸಿನ ಮೇಲೆ ಬಿಳಿ ಪಂಚೆಯ ಬಟ್ಟೆ ಬಿಗಿದು, ಫೋಕಸ್ ಅಲುಗಿಸದೆ, ಮುಂಜಾವಿನ ಆಕಾಶಕ್ಕೆ ಹಿಡಿದು ಸಮಬೆಳಕಿನ ಚಿತ್ರಗಳನ್ನು ತೆಗೆದರೆ ಮೂಲೆಗಳ ಮಬ್ಬು ಮತ್ತು ಧೂಳಿನ ಉಂಗುರಗಳೂ ಹೋಗುತ್ತವೆ.

ಪ್ರಶ್ನೆ: ನೀಹಾರಿಕೆ ದೂರದರ್ಶಕದಲ್ಲಿ ಬೂದಿಬಣ್ಣ, ಫೋಟೋದಲ್ಲಿ ಕೆಂಪು. ಇದು ಬಣ್ಣ ಬಳಿದದ್ದಲ್ಲವೇ ಎಂದು ಮನೆಯಲ್ಲಿ ಹಿರಿಯರು ಕೇಳುತ್ತಾರೆ. ಏನು ಹೇಳಲಿ?
– ವಿದ್ಯಾರ್ಥಿನಿ, ಶಿರಸಿ

ಉತ್ತರ: ಕೆಂಪು ನಿಜವೆಂದೇ ಹೇಳಿ. ಅದು ಜಲಜನಕ 656.3 ನ್ಯಾನೊಮೀಟರ್ ತರಂಗಾಂತರದಲ್ಲಿ ಸೂಸುವ ಬೆಳಕು. ಮಂದ ಬೆಳಕಿನಲ್ಲಿ ನಾವು ನೋಡುವುದು ಕಣ್ಣಿನ ದಂಡಕೋಶಗಳಿಂದ. ಅವಕ್ಕೆ ಬಣ್ಣವೂ ತಿಳಿಯದು, ಈ ಕೆಂಪಂತೂ ತಾಗುವುದೇ ಇಲ್ಲ ಎನ್ನಬಹುದು. ಸಾಮಾನ್ಯ ಡಿಎಸ್‌ಎಲ್‌ಆರ್ ಕೂಡ ಒಳಗಿನ ಶೋಧಕದಿಂದಾಗಿ (ಫಿಲ್ಟರ್) ಅದರ ಬಹುಪಾಲನ್ನು ತಡೆಯುತ್ತದೆ. ಹಾಗಾಗಿ ನಿಮ್ಮ ಫೋಟೋದಲ್ಲಿ ಕೆಂಪು ಇರಬೇಕಾದುದಕ್ಕಿಂತ ಕಡಿಮೆಯೇ ಇರುತ್ತದೆ.

ಹಿರಿಯರ ಗುಮಾನಿಗೆ ಕಾರಣವಿಲ್ಲದಿಲ್ಲ. ಮಿರ್ಜಾನ್ ಕೋಟೆಯ ಬುರುಜಿನ ಮೇಲೆ, ಬೇರೆ ಊರಿನಲ್ಲಿ ಬೇರೆ ತಿಂಗಳು ತೆಗೆದ ಆಕಾಶಗಂಗೆಯನ್ನು ಎರಡು ಪಟ್ಟು ದೊಡ್ಡದು ಮಾಡಿ ಅಂಟಿಸಿ ಹಂಚುವವರಿದ್ದಾರೆ. ಅದು ಸಂಸ್ಕರಣೆಯಲ್ಲ, ಕ್ಯಾಲೆಂಡರ್ ಚಿತ್ರ. ದಾಖಲಾದ ಬೆಳಕನ್ನು ಎಷ್ಟು ಬೇಕಾದರೂ ಎತ್ತಿ ತೋರಿಸಿ; ದಾಖಲಾಗದ್ದನ್ನು ಸೇರಿಸಿದರೆ ಹೇಳಿ ಸೇರಿಸಿ.

ಪ್ರಶ್ನೆ: ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಉಪಾಯವೇನು?
– ಓದುಗರು, ಯಲ್ಲಾಪುರ

ಉತ್ತರ: ಬಟ್ಟೆಯ ಚೀಲದಲ್ಲಿ, ಕಪಾಟಿನಲ್ಲಿ ಇಡಲೇಬೇಡಿ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಿಸುವ ಹರಳಾದರೆ ತೇವ ಹೀರಿದ್ದು ತಿಳಿಯುತ್ತದೆ. ಬಿಸಿ ಮಾಡಿ ಮತ್ತೆ ಬಳಸಿ.

ಪ್ರಶ್ನೆ: ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ ಹೊನ್ನಾವರದಿಂದ ಕಾಣುತ್ತದೆಯೇ?
– ಓದುಗರು, ಕಾಸರಕೋಡು

ಉತ್ತರ: ಲಂಡನ್ನಿನವರಿಗೆ ಅದು ದಿಗಂತದ ಮೇಲೆ ಬರುವುದೇ ಇಲ್ಲ, ನಿಮಗೆ ದಕ್ಷಿಣದಲ್ಲಿ ಸುಮಾರು 28 ಡಿಗ್ರಿ ಎತ್ತರಕ್ಕೆ ಏರುತ್ತದೆ. ಮೇ ಮೊದಲ ವಾರ ರಾತ್ರಿ ಹನ್ನೊಂದರ ಹೊತ್ತಿಗೆ ಚಿತ್ತಾ ನಕ್ಷತ್ರ ಹುಡುಕಿ, ಅಲ್ಲಿಂದ ನೇರ ಕೆಳಗೆ ದಕ್ಷಿಣಕ್ಕೆ ಇಳಿಯಿರಿ. ಬಲಗಡೆ ಇನ್ನೂ ಕೆಳಗೆ ತ್ರಿಶಂಕು ನಕ್ಷತ್ರಪುಂಜ ಇರುತ್ತದೆ. ಬೈನಾಕ್ಯುಲರ್‌ನಲ್ಲಿ ಕಾಣುವ ದುಂಡನೆಯ ಮಸುಕು ಸುಮಾರು ಒಂದು ಕೋಟಿ ನಕ್ಷತ್ರಗಳ ಗೋಳಗುಚ್ಛ, ದೂರ ಸುಮಾರು 17,000 ಜ್ಯೋತಿರ್ವರ್ಷ. ಫೋಟೋ ತೆಗೆಯುವುದಾದರೆ 135 ಮಿ.ಮೀ. ಲೆನ್ಸ್, ಟ್ರೈಪಾಡ್ ಮೇಲೆ ಎರಡು ಸೆಕೆಂಡಿನ ಚಿತ್ರಗಳು, ಆದಷ್ಟು ಹೆಚ್ಚು. ಹಿಗ್ಗಿಸುವಾಗ ಕೈ ಬಿಗಿಹಿಡಿಯಿರಿ. ನಡುಭಾಗ ಬೆಳ್ಳಗೆ ಉರಿದುಹೋದರೆ ನಕ್ಷತ್ರಗಳನ್ನು ಮತ್ತೆ ಬಿಡಿಸಲಾಗದು.