ಕಂತು ಅಷ್ಟೇ ಇದೆ, ಅವಧಿ ಬೆಳೆದದ್ದು ಯಾಕೆ?

ಹೊಸ ಮನೆ ಸಾಲದ ಬಡ್ಡಿ ದರ ಶೇ. 8ರಿಂದ 9ಕ್ಕೆ ಹೋಯಿತು, ಕಂತು ಅಷ್ಟೇ ಇದೆ, ಆದರೆ 20 ವರ್ಷದ ಅವಧಿ 25 ದಾಟಿದೆ, ಬ್ಯಾಂಕಿನವರ ಲೆಕ್ಕ ತಪ್ಪಿದೆಯಾ ಅಂತ ಕೇಳಿದ್ದೀರಿ. ಇಲ್ಲ, ಲೆಕ್ಕ ಸರಿಯಾಗಿಯೇ ಇದೆ.

ಕಂತನ್ನು 100 ಪಾಲು ಮಾಡಿ ನೋಡಿ. ಶೇ. 8 ಇದ್ದಾಗ ಶುರುವಿನ ಕಂತಿನಲ್ಲಿ ಸುಮಾರು 80 ಪಾಲು ಬಡ್ಡಿಗೆ, 20 ಅಸಲಿಗೆ. ಶೇ. 9 ಆದರೆ ಬಡ್ಡಿಯೇ 90 ಪಾಲು ನುಂಗುತ್ತದೆ. ಅಸಲಿಗೆ ಹೋಗುವುದು ಅರ್ಧಕ್ಕೆ ಇಳಿಯಿತು, ಅಲ್ವಾ? ಸಾಲ ಹಳೆಯದಾಗಿದ್ದರೆ ಪೆಟ್ಟು ಇಷ್ಟು ಜೋರಾಗಿ ಬೀಳುತ್ತಿರಲಿಲ್ಲ. ಕಂತನ್ನು ಸುಮಾರು ಶೇ. 8ರಷ್ಟು ಏರಿಸಿಕೊಂಡರೆ ಅವಧಿ ಮತ್ತೆ 20ಕ್ಕೆ ಬರುತ್ತದೆ. ಕೈಲಾದರೆ ನಾನಂತೂ ಅದನ್ನೇ ಮಾಡು ಎನ್ನುತ್ತೇನೆ.

ದರ ಇಳಿಯುವವರೆಗೆ ಕಾದು ಮನೆ ಕೊಳ್ಳಬೇಕಿತ್ತು ಅಂತ ಸುಮ್ನೆ ಕೊರಗಬೇಡಿ. ದರ ಇಳಿದರೆ ಅದೇ ಸಂಬಳಕ್ಕೆ ಎಲ್ಲರಿಗೂ ಜಾಸ್ತಿ ಸಾಲ ಸಿಗುತ್ತದೆ. ಪೈಪೋಟಿಯಲ್ಲಿ ಬೆಲೆಯೂ ಏರಬಹುದು. ದರ ಏರಿದಾಗ ಬೆಲೆ ತಕ್ಷಣ ಇಳಿಯುವುದು ಕಮ್ಮಿ. ಮಾರುವವರು ಹಟ ಹಿಡಿದು ಕಾಯುತ್ತಾರೆ, ವ್ಯಾಪಾರ ಮಂದವಾಗುತ್ತದೆ. ಜನರ ಕೆಲಸ ಹೋಗಿ, ಕಂತು ಕಟ್ಟಲಾಗದೆ ಮಾರಲೇಬೇಕಾದವರು ಹೆಚ್ಚಿದಾಗ ಬೆಲೆ ನಿಜಕ್ಕೂ ಜಾರುತ್ತದೆ.