ಮಕ್ಕಳ ಚಿತ್ರಪುಸ್ತಕಕ್ಕೆ ಕಥೆ, ಚಿತ್ರ ಎರಡನ್ನೂ ಒಬ್ಬರೇ ಮಾಡುವಾಗ ಮೊದಲು ಯಾವುದು? ಇದನ್ನೇ ನಂಬಿ ಬದುಕಬಹುದಾ?

ನೀವು ಒಂದು ಕಥೆ ಬರೆದಿಟ್ಟಿದ್ದೀರಿ, ಚಿತ್ರವನ್ನೂ ನೀವೇ ಬಿಡಿಸಬೇಕು ಅಂದುಕೊಂಡಿದ್ದೀರಿ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಕಾಸರಗೋಡಿನ ಬಾಯಾರು ಕಡೆಯವಳು. ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ.

ನಾನು ಮೊದಲು ಪುಟ ಎಣಿಸುತ್ತೇನೆ. ಚಿತ್ರಪುಸ್ತಕಕ್ಕೆ ಸಾಮಾನ್ಯವಾಗಿ 32 ಪುಟ, ಕೆಲವಕ್ಕೆ 24 ಅಥವಾ 16. ದೊಡ್ಡ ಹಾಳೆಯನ್ನು ಅಚ್ಚು ಹಾಕಿ ಮಡಚುವುದರಿಂದ ಎಂಟರ, ಹದಿನಾರರ ಲೆಕ್ಕದಲ್ಲೇ ಪುಟ ಬರುತ್ತದೆ. ಶೀರ್ಷಿಕೆ, ಪ್ರಕಾಶಕರ ವಿವರ ಕಳೆದರೆ ಕಥೆಗೆ ಉಳಿಯುವುದು ಹನ್ನೆರಡೋ ಹದಿನಾಲ್ಕೋ ಜೋಡಿಪುಟ, ಅಂದರೆ ಪುಸ್ತಕ ತೆರೆದಾಗ ಎದುರುಬದುರು ಕಾಣುವ ಎರಡು ಪುಟ. ಎಂಟು ಎ4 ಹಾಳೆಗಳನ್ನು ಒಟ್ಟಿಗೆ ಮಡಚಿ ಪಿನ್ ಹೊಡೆಯಿರಿ, 32 ಪುಟದ ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ, ಸಿದ್ಧ. ಅದರಲ್ಲಿ ಪೆನ್ಸಿಲಿನಿಂದ ಸುಮ್ನೆ ಗೀಚಿದರೆ ಸಾಕು.

ನನ್ನ ಒಂದು ಪುಸ್ತಕ ಸುರಂಗದ ಬಗ್ಗೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದು ನಮ್ಮೂರಿನ ಅಡ್ಡ ಬಾವಿ. ಗುಡ್ಡದ ಮುರಕಲ್ಲನ್ನು (ಜಂಬಿಟ್ಟಿಗೆ ಕಲ್ಲು) ಅಡ್ಡಕ್ಕೆ ಕೊರೆಯುತ್ತಾ ಹೋಗುತ್ತಾರೆ, ಒಬ್ಬರು ನಡೆಯುವಷ್ಟೇ ಜಾಗ. ಒಳಗೆ ಜಿನುಗಿದ ನೀರು ಪಂಪು ಇಲ್ಲದೆ ತಾನೇ ಹೊರಗೆ ಹರಿದು ಬರುತ್ತದೆ. ಹಿಂದೆ ಅದನ್ನು ಅಡಿಕೆ ಮರವನ್ನು ಸೀಳಿ ತೋಡಿದ ದಂಬೆಯಲ್ಲಿ ಅಂಗಳಕ್ಕೆ ತರುತ್ತಿದ್ದರು. ಕೊರೆಯುವಾಗ ಮೇಣದಬತ್ತಿ ಆರಿತೆಂದರೆ ಒಳಗೆ ಗಾಳಿ ಸಾಲದು ಅಂತ ಅರ್ಥ, ತಕ್ಷಣ ಹೊರಗೆ ಬರಬೇಕು.

ಮೊದಲು ನಾನು ಹೀಗೆ ಬರೆದಿದ್ದೆ: "ಅಜ್ಜ ಕತ್ತಲೆಯ ಸುರಂಗದೊಳಗೆ ಹೋದರು. ಅವರ ಕೈಯಲ್ಲಿ ಮೇಣದಬತ್ತಿ ಇತ್ತು. ಗೋಡೆಯಿಂದ ನೀರು ಜಿನುಗುತ್ತಿತ್ತು." ಚಿತ್ರ ಬಿಡಿಸಿ ನೋಡಿದರೆ ಮೂರೂ ಚಿತ್ರದಲ್ಲೇ ಇದ್ದವು. ಮೂರನ್ನೂ ಹೊಡೆದುಹಾಕಿದೆ. ಆ ಪುಟದಲ್ಲಿ ಈಗ ಇರುವುದು "ಟಪ್" ಅನ್ನುವ ಒಂದೇ ಮಾತು. ನೀರು ಬೀಳುವ ಸದ್ದನ್ನು ಚಿತ್ರದಲ್ಲಿ ಬಿಡಿಸಲು ಆಗುವುದಿಲ್ಲ ಅಲ್ವಾ? ಬೇರೆಯವರ ಕಥೆಯಾದರೆ ಮೂರು ಸಾಲು ತೆಗೆಯಿರಿ ಅಂತ ಹೇಳಲು ಮುಜುಗರ. ನಮ್ಮದೇ ಆದರೆ ಅದೇ ರಾತ್ರಿ ತೆಗೆಯಬಹುದು. ನಿಮ್ಮ ಕಥೆಯಲ್ಲೂ ಚಿತ್ರ ಹೇಳುವ ಮಾತನ್ನೆಲ್ಲ ಧೈರ್ಯವಾಗಿ ಬಿಡಿ. ಉಳಿದದ್ದನ್ನು ಗಟ್ಟಿಯಾಗಿ ಓದಿ ನೋಡಿ. ನಮ್ಮ ಕರಾವಳಿಯ ಪಂಜೆ ಮಂಗೇಶರಾಯರ (1874–1937) ಪದ್ಯಗಳು ಇಂದಿಗೂ ಮಕ್ಕಳ ಬಾಯಲ್ಲಿ ನಿಂತಿರುವುದು ಆ ಮಾತಿನ ಓಟದಿಂದ.

ಒಂದು ತಪ್ಪನ್ನು ನೀವು ಮಾಡಬೇಡಿ. ಜೋಡಿಪುಟದ ಸರಿ ನಡುವೆ ನಾನು ಅಜ್ಜನ ಮುಖ ಬಿಡಿಸಿದ್ದೆ. ಪುಸ್ತಕ ಬೈಂಡ್ ಆಗಿ ಬಂದಾಗ ಅರ್ಧ ಮುಖ ಮಡಿಕೆಯೊಳಗೆ ಹೋಗಿತ್ತು. ತುಂಬಾ ಬೇಜಾರಾಯಿತು.

ಇಲ್ಲಿನ ಕನ್ನಡ ಶಾಲೆಗಳಿಗೆ ಬರುವ ಮಕ್ಕಳ ಮನೆಮಾತು ತುಳು, ಮಲಯಾಳ, ಬ್ಯಾರಿ, ಹವ್ಯಕ, ಮರಾಠಿ, ಕೊಂಕಣಿ, ಹೀಗೆ ಹಲವು. ಒಂದು ಶಾಲೆಯಲ್ಲಿ ಈ ಪುಸ್ತಕ ಓದುತ್ತಿದ್ದೆ. ಅಷ್ಟು ಹೊತ್ತೂ ಬಾಯಿ ಬಿಡದ ಒಂದನೇ ಕ್ಲಾಸಿನ ಹುಡುಗಿ ದಂಬೆಯ ಮೇಲೆ ಬೆರಳಿಟ್ಟು "ವೆಳ್ಳಂ" ಅಂದಳು, ಮಲಯಾಳದಲ್ಲಿ ನೀರು ಅಂತ. ಪಕ್ಕದ ಹುಡುಗ "ಅಲ್ಲ, ನೀರ್" ಅಂದ. ಆ ಪುಟದಲ್ಲಿ ನಾನು ಏನೂ ಬರೆದಿರಲಿಲ್ಲ, ಹಾಗಾಗಿ ಇಬ್ಬರ ಮಾತಿಗೂ ಅಲ್ಲಿ ಜಾಗ ಇತ್ತು. ಮಾತು ಕಡಿಮೆ ಇರಲಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಆಮೇಲೆ ಅದೇ ಹುಡುಗಿ ಎರಡು ಪುಟ ಹಿಂದೆ ತಿರುಗಿಸಿ ತೋರಿಸಿದಳು: ಉರಿದು ಗಿಡ್ಡವಾಗಿದ್ದ ಮೇಣದಬತ್ತಿ ಮುಂದಿನ ಪುಟದಲ್ಲಿ ಮತ್ತೆ ಉದ್ದವಾಗಿದೆ! ನನಗೂ ಕಂಡಿರಲಿಲ್ಲ, ಸಂಪಾದಕರಿಗೂ ಕಂಡಿರಲಿಲ್ಲ. ಎರಡನೇ ಮುದ್ರಣದಲ್ಲಿ ಸರಿಮಾಡಿದೆ. ಅಚ್ಚಿಗೆ ಕೊಡುವ ಮೊದಲೇ ಡಮ್ಮಿಯನ್ನು ನಾಲ್ಕು ಮಕ್ಕಳ ಕೈಗೆ ಕೊಡಿ.

ಇನ್ನು ದುಡ್ಡಿನ ಮಾತು. ಬರೀ ಇದರಿಂದ ನನ್ನ ಮನೆ ನಡೆಯುವುದಿಲ್ಲ. ಒಂದು ಪುಸ್ತಕಕ್ಕೆ ಏಳೆಂಟು ತಿಂಗಳು ಬೇಕು. ಶನಿವಾರ ಮಕ್ಕಳಿಗೆ ಚಿತ್ರ ಕಲಿಸುತ್ತೇನೆ, ಬೇರೆಯವರ ಕಥೆಗಳಿಗೂ ಚಿತ್ರ ಮಾಡಿಕೊಡುತ್ತೇನೆ. ಆದರೂ ಬೆಳಗ್ಗಿನ ಎರಡು ಗಂಟೆ ನನ್ನ ಪುಸ್ತಕಕ್ಕೇ ಮೀಸಲು.

ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಒಂದಷ್ಟು ಓದಿ. ಪ್ರಕಾಶಕರಿಗೆ ಕಳಿಸಲು ಎಲ್ಲ ಚಿತ್ರ ಮುಗಿಸಬೇಕಾಗಿಲ್ಲ. ಪೂರ್ತಿ ಡಮ್ಮಿ, ಬಣ್ಣ ತುಂಬಿದ ಎರಡು ಜೋಡಿಪುಟ ಸಾಕು. ಉತ್ತರ ಬರಲು ತಿಂಗಳುಗಟ್ಟಲೆ ಆಗಬಹುದು, ಅಷ್ಟರಲ್ಲಿ ಇನ್ನೊಂದು ಡಮ್ಮಿಗೆ ಹಾಳೆ ಮಡಚಿ.